ಕಾಳು ಬಾರದ ತೆನೆ ಹಬ್ಬ

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಮಂಗಳೂರು, ಉಡುಪಿ ಕಡೆಯ ಕಥೋಲಿಕರಿಗೆ ಅದೇ ಮೊಂತಿ ಹಬ್ಬ, ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಹೂ ಅರ್ಪಿಸುತ್ತಾರೆ. ಹಬ್ಬದಂದು ಪಾದ್ರಿಗಳು ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗಳಿಗೆ ಹಂಚುತ್ತಾರೆ. ಅದರ ನಾಲ್ಕು ಕಾಳು ಹಾಲಿಗೋ ಪಾಯಸಕ್ಕೋ ಬಿದ್ದ ಮೇಲೆ ಎಲ್ಲರೂ ಒಟ್ಟಿಗೆ ಕೂತು ಮೀನು, ಮಾಂಸವಿಲ್ಲದ ಊಟ. ಊರಲ್ಲಿಲ್ಲದವರಿಗೆ ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವುದು ಹಳೆಯ ರೂಢಿ. ಮುಂಬೈಯಲ್ಲಿ ಸಿಎ ಓದುವಾಗ ನನಗೂ ಬರುತ್ತಿತ್ತು.

1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಗೋವೆಯ ಪಾದ್ರಿ ಜೋಕಿಮ್ ಮಿರಾಂದಾ ಈ ಹಬ್ಬ ಆರಂಭಿಸಿದರೆಂದು ಹೇಳುತ್ತಾರೆ. ಹೊಸ ತೆನೆಯನ್ನು ಮನೆ ತುಂಬಿಸಿಕೊಳ್ಳುವ ಆಚರಣೆ ಮಾತ್ರ ಅದಕ್ಕಿಂತ ಹಳೆಯದು. ತುಳುವರಲ್ಲಿ ಪುದ್ವಾರ್ ಇದೆ, ಕೊಡವರಲ್ಲಿ ಪುತ್ತರಿ. ಕರಾವಳಿಯ ಏಣೆಲು ಬೆಳೆ ಮಾಗುವ ಹೊತ್ತಿಗೇ ರೋಮಿನ ಪಂಚಾಂಗದ ಈ ತಾರೀಕು ಬರುತ್ತದೆ. ಗದ್ದೆ ಇಗರ್ಜಿಯೊಳಗೆ ಬಂದದ್ದು ಹೀಗೆ.

ಅಮ್ಮ ಮೊದಲ ಸಲ ಪರ್ತ್‌ಗೆ ಬಂದಾಗ ಕರ್ಚೀಫಿನಲ್ಲಿ ಕಾಳು ಕಟ್ಟಿ ತಂದಿದ್ದರು. ವಿಮಾನ ನಿಲ್ದಾಣದಲ್ಲಿ ಅದನ್ನು ತೆಗೆದುಕೊಂಡರು. ತಪ್ಪು ಅಧಿಕಾರಿಯದಲ್ಲ. ಭತ್ತವೆಂದರೆ ಬೀಜ, ಅದರ ಜತೆ ರೋಗವೂ ಕೀಟವೂ ಬರಬಹುದು. ಅಮ್ಮ ಕಾಳು ಕೊಟ್ಟು ಕರ್ಚೀಫು ವಾಪಸು ಪಡೆದರು.

ಇಲ್ಲಿಯದೇ ತೆನೆ ತರೋಣವೆಂದರೆ, ಪಶ್ಚಿಮ ಆಸ್ಟ್ರೇಲಿಯದ ಗೋಧಿ ಸೆಪ್ಟೆಂಬರಿನಲ್ಲಿ ಇನ್ನೂ ಹಸಿರು. ಪೂರ್ವದ ರಿವರೀನಾದಲ್ಲಿ ಭತ್ತವಿದೆ, ಆದರೆ ಅಕ್ಟೋಬರ್ ಸುಮಾರಿಗೆ ಬಿತ್ತಿದ್ದು ಕೊಯ್ಲಿಗೆ ಬರುವುದು ಮಾರ್ಚ್‌ನಿಂದ ಮೇ ಒಳಗೆ, ಅಂದರೆ ಈಸ್ಟರ್ ಹೊತ್ತಿಗೆ. ಭಾರತದ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿದರೆ ಇಲ್ಲಿಯದು ಜೂನ್ 30ಕ್ಕೆ. ಆ ವ್ಯತ್ಯಾಸವನ್ನು ನಾವು ಅಕೌಂಟೆಂಟರು ಸರಿದೂಗಿಸಬಲ್ಲೆವು, ಪೈರಿನದನ್ನಲ್ಲ.

ಇದು ನಮ್ಮೊಬ್ಬರ ಕಷ್ಟವಲ್ಲ. 1838ರಲ್ಲಿ ಪ್ರಷ್ಯದಿಂದ ಅಡಿಲೇಡ್‌ಗೆ ಬಂದಿಳಿದ ಲೂಥರನ್ನರೂ ಉತ್ತರಾರ್ಧಗೋಳದ ಪಂಚಾಂಗವನ್ನೇ ಹೊತ್ತು ತಂದರು. ಕ್ರಿಸ್ಮಸ್ ಸುಡುಬಿಸಿಲಿಗೆ ಬಂತು, ವಸಂತದ ಈಸ್ಟರ್ ಎಲೆ ಉದುರುವ ಕಾಲಕ್ಕೆ. ಅದೇ ಅಡಿಲೇಡ್‌ನಲ್ಲಿ 2000ದ ಆಸುಪಾಸಿನಲ್ಲಿ ಲೂಥರನ್ ವಿದ್ವಾಂಸ ನಾರ್ಮನ್ ಹೇಬಲ್ 'ಸೃಷ್ಟಿಯ ಋತು' ಎಂಬ ಆರಾಧನಾ ಕ್ರಮಕ್ಕೆ ರೂಪ ಕೊಟ್ಟರು. ಇಲ್ಲಿ ವಸಂತ ಕಾಲಿಡುವ ಸೆಪ್ಟೆಂಬರಿನ ನಾಲ್ಕು ಭಾನುವಾರಗಳು ಅದಕ್ಕೆ ಮೀಸಲು. ಮೊದಲ ವರ್ಷ ಕಾಡು, ನೆಲ, ಬೆಂಗಾಡು, ನದಿ. ಮೂರನೆಯ ವರ್ಷದಲ್ಲಿ ಒಂದು ಭಾನುವಾರ ಬಿರುಗಾಳಿಯದು. ಕೆಲಸದ ಮೇಲೆ ಬ್ರಿಸ್ಬೇನ್‌ನಲ್ಲಿದ್ದಾಗ ಬೇಸಿಗೆಯ ಸಂಜೆಗಳಲ್ಲಿ ಆಲಿಕಲ್ಲು ಸುರಿದದ್ದನ್ನು ಕಂಡಿರುವ ನನಗೆ ಆ ಭಾನುವಾರ ಬಲು ಇಷ್ಟ. ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಆರ್ಥೊಡಾಕ್ಸ್ ಕುಲಪತಿ ದಿಮಿತ್ರಿಯೊಸ್ ಸಾರಿದ್ದು 1989ರಲ್ಲಿ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ನಮ್ಮ ಪಂಚಾಂಗಕ್ಕೂ ಸೇರಿಸಿದರು.

ಹೇಬಲ್ ಅವರ ಕೆಲಸ ದೊಡ್ಡದು. ಆದರೂ ಅಲ್ಲಿ ಪ್ರಕೃತಿ ಬರುವುದು ಹೆಚ್ಚಾಗಿ ಪ್ರಸಂಗದಲ್ಲಿ, ಪ್ರಾರ್ಥನೆಯಲ್ಲಿ. ನಮ್ಮ ತೆನೆ ಹೊಟ್ಟೆಗೆ ಹೋಗುತ್ತದೆ.

ಪರ್ತ್‌ನಲ್ಲಿ ಆ ಒಂಬತ್ತು ದಿನ ಹೂವಿಗೆ ಬರವಿಲ್ಲ. ನೂಂಗಾರ್ ಮೂಲನಿವಾಸಿಗಳ ಆರು ಋತುಗಳಲ್ಲಿ ಅದು ಜಿಲ್ಬಾ, ಹೂ ಬಿರಿಯುವ ಕಾಲ. ಕಾಡಿನದನ್ನು ಅನುಮತಿಯಿಲ್ಲದೆ ಕೀಳುವಂತಿಲ್ಲವಾಗಿ ಮಕ್ಕಳು ಹಿತ್ತಲಿನ ಹೂವನ್ನೇ ಒಯ್ಯುತ್ತಾರೆ. ಪಾಯಸಕ್ಕೆ ಅಂಗಡಿಯಲ್ಲಿ ಕೊಂಡ ರಿವರೀನಾದ ಅಕ್ಕಿ.

"ಹೊಸತಾ?" ಎಂದು ಅಮ್ಮ ಫೋನಿನಲ್ಲಿ ಕೇಳುತ್ತಾರೆ.

"ಈ ವರ್ಷದ್ದೇ ಅಮ್ಮ, ಈಸ್ಟರ್ ಹೊತ್ತಿಗೆ ಕೊಯ್ದದ್ದು."

"ಹಾಗಾದರೆ ಹಾಕು. ಎಲ್ಲರೂ ಒಟ್ಟಿಗೆ ಕೂತುಕೊಳ್ಳಿ."