ಸವಳು, ಉಬ್ಬೆ ಮತ್ತು ಕೆರೆಯ ನೀರು

ಪಡುವಣ ಘಟ್ಟದ ಕಾಡು ಮೆಲ್ಲಮೆಲ್ಲನೆ ವಿರಳವಾಗಿ, ಮೂಡಣದ ಬಯಲು ತನ್ನ ಕಪ್ಪು ನೆಲವನ್ನು ತೆರೆದು ತೋರಲು ಮೊದಲಾಗುವ ಸಂಧಿಪ್ರದೇಶದಲ್ಲಿ ಅಕ್ಕಿಆಲೂರು ನೆಲೆಸಿದೆ. ಪಶ್ಚಿಮಕ್ಕೆ ಹಾನಗಲ್ಲ ಸೀಮೆಯ ಕೆರೆಗಳೂ ಅವುಗಳ ಕೆಳಗಣ ಭತ್ತದ ಗದ್ದೆಗಳೂ. ಉತ್ತರಕ್ಕೂ ಈಶಾನ್ಯಕ್ಕೂ, ಶಿಗ್ಗಾವಿ ಸವಣೂರುಗಳ ದಿಕ್ಕಿಗೆ, ಹತ್ತಿ ಬೆಳೆಯುವ ಎರೆಹೊಲಗಳು. ಧಾರವಾಡ ಪ್ರಾಂತದ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರವನ್ನು ಸೇರಿ, ಆ ಬಂದರದ ಹೆಸರನ್ನೇ ತಳೆದು ದೂರದೇಶದ ಪೇಟೆಗಳಲ್ಲಿ ಪ್ರಸಿದ್ಧವಾದುದನ್ನೂ, 1861ರಿಂದ 1865ರವರೆಗೆ ನಡೆದ ಅಮೆರಿಕೆಯ ಅಂತರ್ಯುದ್ಧದ ಕಾಲದಲ್ಲಿ ಅದರ ಬೆಲೆ ವಿಪರೀತವಾಗಿ ಏರಿದುದನ್ನೂ ಇತಿಹಾಸಕಾರರು ವಿಸ್ತಾರವಾಗಿ ಬರೆದಿದ್ದಾರೆ. ಆದರೆ ಹತ್ತಿಯಿಂದಾದ ಧೋತರ, ಸೀರೆ, ರುಮಾಲುಗಳು ಸಾಬೂನೆಂಬುದು ಬರುವ ಮುನ್ನ ಹೇಗೆ ಶುಭ್ರವಾಗುತ್ತಿದ್ದವು, ಯಾರ ಶ್ರಮದಿಂದ ಮೃದುವಾಗುತ್ತಿದ್ದವು ಎಂಬುದನ್ನು ವಿಚಾರಿಸಿದವರು ವಿರಳ.

ವಸ್ತ್ರಶುದ್ಧಿಯ ವಿಚಾರ ನಮ್ಮ ದೇಶದಲ್ಲಿ ಬಹು ಪುರಾತನವಾದುದು. ಮನುಸ್ಮೃತಿಯ ಐದನೆಯ ಅಧ್ಯಾಯವು ಕಂಬಳಿಗೆ ಅರಿಷ್ಟಕವನ್ನು, ಎಂದರೆ ಅಂಟುವಾಳವನ್ನು, ನಾರುಬಟ್ಟೆಗೆ ಬಿಲ್ವವನ್ನು, ಕ್ಷೌಮಕ್ಕೆ ಬಿಳಿಸಾಸಿವೆಯನ್ನು ವಿಧಿಸಿ, ಒಂದೊಂದು ನೂಲಿಗೆ ಒಂದೊಂದು ದ್ರವ್ಯವೆಂಬ ವಿವೇಕವನ್ನು ತೋರಿಸುತ್ತದೆ. ಕೌಟಿಲ್ಯನ ದೃಷ್ಟಿ ಇನ್ನೂ ಲೌಕಿಕವಾದುದು: ರಜಕನು ಮರದ ಹಲಗೆಯ ಮೇಲೋ ನುಣುಪಾದ ಕಲ್ಲಿನ ಮೇಲೋ ಬಟ್ಟೆಯನ್ನು ಒಗೆಯಬೇಕು; ಬೇರೆಡೆ ಒಗೆದು ಕೆಡಿಸಿದರೆ ನಷ್ಟವನ್ನು ತೆತ್ತು ಆರು ಪಣದ ದಂಡವನ್ನೂ ಕೊಡಬೇಕು; ಪರರ ಬಟ್ಟೆಯನ್ನು ಮಾರಿದರೆ, ಬಾಡಿಗೆಗೆ ಕೊಟ್ಟರೆ, ಅಡವಿಟ್ಟರೆ ಹನ್ನೆರಡು ಪಣ. ಮಡಿವಾಳರು ಕರಿಗೇರಿನ ರಸದಿಂದ ಒಂದೊಂದು ಮನೆಯ ಬಟ್ಟೆಗೆ ಒಂದೊಂದು ಅಳಿಯದ ಗುರುತನ್ನಿಡುತ್ತಿದ್ದ ಪದ್ಧತಿಯ ಹಿಂದೆಯೂ ಇದೇ ಬಗೆಯ ಎಚ್ಚರ ಇದ್ದಿತು.

ಹತ್ತಿಬಟ್ಟೆಯ ಮುಖ್ಯ ಶೋಧಕದ್ರವ್ಯವು ಅಂಗಡಿಯಲ್ಲಿ ದೊರೆಯುವುದಾಗಿರಲಿಲ್ಲ, ನೆಲದ ಮೇಲೆಯೇ ಬಿದ್ದಿರುತ್ತಿತ್ತು. ನೀರು ಬಸಿದುಹೋಗದ ತಗ್ಗುಭೂಮಿಯಲ್ಲಿ, ಬೇಸಗೆಯ ಬಿಸಿಲಿಗೆ ತೇವವಾರಿದ ಮೇಲೆ, ಬೆಳ್ಳಗೆ ಹೊರಹೊಮ್ಮುವ ಸವಳನ್ನು ಕೆರೆದು ತಂದು, ನೀರಿನಲ್ಲಿ ಕದಡಿ, ಮಣ್ಣು ತಳಕ್ಕಿಳಿದ ತರುವಾಯ ತಿಳಿಯನ್ನು ಬಸಿದುಕೊಳ್ಳುತ್ತಿದ್ದರು. ಸವಳು ದೊರೆಯದೆಡೆ ಒಲೆಯ ಬೂದಿಯ ತಿಳಿಯೇ ಆ ಕೆಲಸವನ್ನು ಮಾಡುತ್ತಿತ್ತು. ಅದರಲ್ಲಿ ನೆನೆದ ಬಟ್ಟೆಗಳನ್ನು, ಕೆಳಗೆ ನೀರು ಕುದಿಯುತ್ತಿರುವ ಹಂಡೆಯ ಮೇಲೆ ಒತ್ತಾಗಿ ಪೇರಿಸಿ, ಇರುಳೆಲ್ಲ ಹಬೆಯಲ್ಲಿ ಬೇಯಿಸುವುದೇ ಉಬ್ಬೆ. ಬೆಳಗಾದ ಮೇಲೆ ಅವು ಕೆರೆಗೆ ಹೋಗಿ, ಕಲ್ಲಿನ ಮೇಲೆ ಒಗೆಸಿಕೊಂಡು, ಹುಲ್ಲಿನ ಮೇಲೆ ಒದ್ದೆಯಾಗಿಯೇ ಹರಡಲ್ಪಟ್ಟು, ಬಿಸಿಲಿನಲ್ಲಿ ಬೆಳ್ಳಗಾಗುತ್ತಿದ್ದವು.

ಈ ಕ್ರಮದ ಒಳಗೆ ಅಚ್ಚರಿಪಡಬೇಕಾದ ರಸಾಯನಶಾಸ್ತ್ರವಿದೆ. ಸವಳಿನಲ್ಲಿರುವ ಸೋಡಿಯಂ ಕಾರ್ಬೋನೇಟಾಗಲಿ, ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೋನೇಟಾಗಲಿ ಕ್ಷಾರವೇ ಆಗಿರುವುದರಿಂದ, ಹಬೆಯ ಕಾವಿನಲ್ಲಿ ಅದು ಬಟ್ಟೆಗಂಟಿದ ಜಿಡ್ಡಿನ ಒಂದು ಭಾಗವನ್ನು ಸಾಬೂನಾಗಿ ಮಾರ್ಪಡಿಸಿ, ಕೊಳೆಯನ್ನೇ ಕೊಳೆ ಕಳೆಯುವ ಸಾಧನವನ್ನಾಗಿ ಮಾಡುತ್ತದೆ. ಹತ್ತಿಯ ಎಳೆಯು ಕ್ಷಾರವನ್ನು ಸಹಿಸಬಲ್ಲುದು. ಉಣ್ಣೆಯೂ ರೇಷ್ಮೆಯೂ ಅಷ್ಟಾಗಿ ಸಹಿಸಲಾರವು. ಆದಕಾರಣವೇ ಹತ್ತಿಯ ಮಡಿ ಉಬ್ಬೆಗೆ ಹೋದರೆ, ರೇಷ್ಮೆಯ ಸೀರೆ ಮನೆಯಲ್ಲಿಯೇ ಅಂಟುವಾಳದ ನೊರೆಯಲ್ಲಿ ಅದ್ದಿಸಿಕೊಳ್ಳುತ್ತಿತ್ತು.

ಮಗ್ಗದಿಂದಿಳಿದ ಹೊಸ ಹತ್ತಿಬಟ್ಟೆಯು ಒರಟಾಗಿರುವುದಕ್ಕೆ ಕಾರಣ ಹಾಸುನೂಲಿಗೆ ಬಳಿದ ಗಂಜಿ ಮತ್ತು ಎಳೆಯ ಮೇಲಣ ಸಹಜವಾದ ಮೇಣ. ಇವೆರಡೂ ಉಬ್ಬೆಯಲ್ಲಿಯೂ ಒಗೆತದಲ್ಲಿಯೂ ಕಳೆದುಹೋಗಿ, ಬಟ್ಟೆ ಮೆತ್ತಗಾಗಿ ಬೆವರನ್ನು ಹೀರಿಕೊಳ್ಳಲು ಅರ್ಹವಾಗುತ್ತಿತ್ತು. ಹಳೆಯ ಬಟ್ಟೆ ಮತ್ತೆ ಬಿರುಸಾಗದಂತೆ ಕಾಪಾಡಿದುದು ಕೆರೆಯ ನೀರು. ಮಳೆಯಿಂದ ತುಂಬಿದ ಕೆರೆಯ ನೀರಿನಲ್ಲಿ ಸುಣ್ಣದ ಅಂಶ ಕಡಮೆ; ಆಳದಿಂದೆತ್ತಿದ ನೀರು ಬಹುಮಟ್ಟಿಗೆ ಗಡಸು. ಗಡಸು ನೀರಿನಲ್ಲಿ ಸಾಬೂನು ನೊರೆಗೊಳ್ಳದೆ ಕರಗದ ಗಸಿಯಾಗಿ ಎಳೆಗಳ ನಡುವೆ ಕೂತುಬಿಡುತ್ತದೆ. ಅಂಟುವಾಳದ ಸಪೋನಿನ್ನಿಗೆ ಈ ದೋಷವಿಲ್ಲ. ಅಂದಿನ ಮೃದುತ್ವವೆಂಬುದು ಬಟ್ಟೆಯಿಂದ ಬೇಡವಾದುದನ್ನು ತೆಗೆದುಹಾಕಿದುದರ ಫಲವಾಗಿತ್ತು. ಇಂದು ಸೀಸೆಗಳಲ್ಲಿ ಬರುವ ಮೃದುಕಾರಿಗಳೋ ಎಳೆಯ ಮೇಲೆ ತೆಳುವಾದ ಲೇಪವೊಂದನ್ನು ಹಚ್ಚಿ ಕೈಗೆ ನಯವೆನಿಸಿ, ಹತ್ತಿಯ ನೀರು ಹೀರುವ ಗುಣವನ್ನು ಕುಗ್ಗಿಸುತ್ತವೆ.

ಇಷ್ಟನ್ನು ಹೇಳಿ, ಹಿಂದಿನದೆಲ್ಲ ನಿರ್ದೋಷವಾಗಿತ್ತೆಂದು ತೀರ್ಮಾನಿಸುವುದು ಅನ್ಯಾಯವಾದೀತು. ಮಡಿವಾಳರು ಗ್ರಾಮದ ಆಯಗಾರರಲ್ಲಿ ಒಬ್ಬರು. ವರ್ಷವಿಡೀ ಒಗೆದುದಕ್ಕೆ ಸುಗ್ಗಿಯ ಕಾಲದಲ್ಲಿ ಕಣದಿಂದ ಧಾನ್ಯದ ಆಯ. ಜಾತ್ರೆಯಲ್ಲಿ ನಡೆಮಡಿ ಹಾಸುವ, ಉತ್ಸವದಲ್ಲಿ ಪಂಜು ಹಿಡಿಯುವ ಗೌರವ ಅವರಿಗಿತ್ತು. ಊರಿಗೆ ಮಡಿಯನ್ನು ಕೊಟ್ಟವರನ್ನೇ ಮೈಲಿಗೆಯ ಮೆಟ್ಟಿಲಿನಲ್ಲಿ ಕೆಳಗೆ ನಿಲ್ಲಿಸಿದ ಅವಮಾನವೂ ಅವರದಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಹಿಪ್ಪರಿಗೆಯ ಮಡಿವಾಳ ಮಾಚಿದೇವರು, ಕಲಿದೇವರದೇವ ಎಂಬ ಅಂಕಿತದಿಂದ ವಚನಗಳನ್ನು ರಚಿಸಿ, ಶರಣರ ಬಟ್ಟೆಯನ್ನು ಮಡಿಮಾಡುವುದನ್ನೇ ಶಿವನ ಪೂಜೆಗೆ ಸಮನಾದ ಕಾಯಕವನ್ನಾಗಿಸಿದರು. ಆದರೂ ಕ್ಷಾರ ತಿಂದ ಬೆರಳುಗಳೂ, ಚಳಿಗಾಲದ ನೀರಿನಲ್ಲಿ ಮೊಣಕಾಲುದ್ದ ನಿಂತ ಕಾಲುಗಳೂ ಕಾಯಕದ ಮಹಿಮೆಯಿಂದ ನೋವನ್ನು ಮರೆಯಲಿಲ್ಲ.

ದ್ರವ್ಯವು ನಿಸರ್ಗದಿಂದ ಬಂದ ಮಾತ್ರಕ್ಕೆ ನೀರಿಗೆ ನಿರಪಾಯಕಾರಿಯೆಂಬ ನಂಬಿಕೆಯೂ ನಿಲ್ಲುವುದಿಲ್ಲ. ಅಂಟುವಾಳದ ಸಪೋನಿನ್ ಮೀನಿನ ಕಿವಿರುಗಳಿಗೆ ವಿಷ. ಇಂತಹ ಕಾಯಿಗಳನ್ನು ಜಜ್ಜಿ ಮಡುವಿಗೆ ಹಾಕಿ, ಮೂರ್ಛೆಗೊಂಡ ಮೀನನ್ನು ಹಿಡಿಯುವ ರೂಢಿಯೂ ನಮ್ಮ ದೇಶದಲ್ಲಿದ್ದಿತು. ಕೆರೆಯು ಬದುಕಿಕೊಂಡದ್ದು ಬಳಕೆಯ ಮಿತಿಯಿಂದ: ಜನರಲ್ಲಿ ಬಟ್ಟೆಗಳೇ ಕೆಲವು, ಉಬ್ಬೆಗೆ ಸರದಿಯಿತ್ತು, ಮನೆಯ ಕೌದಿಗಳು ದಸರೆಯಂತಹ ಹಬ್ಬದ ಮುಂದೆ ಮಾತ್ರ ನೀರು ಕಾಣುತ್ತಿದ್ದವು, ದ್ರವ್ಯದ ಕೊರತೆಯನ್ನು ಕಾವೂ ಕಾಲವೂ ತೋಳ್ಬಲವೂ ತುಂಬುತ್ತಿದ್ದವು.

ಆ ಮಿತಿ ಕಳಚಿದ ಕಥೆ ದೀರ್ಘವಲ್ಲ. 1888ರಲ್ಲಿ ಕಲಕತ್ತೆಯ ಬಂದರದಲ್ಲಿ ಇಂಗ್ಲೆಂಡಿನ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಇಳಿದವು. 1959ರಲ್ಲಿ ಸರ್ಫ್ ಪುಡಿ ಬಂದಿತು. 1969ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ನಿರ್ಮಾ, ಅಗ್ಗದ ಬೆಲೆಯಿಂದ ಸಣ್ಣ ಊರಿನ ಕಿರಾಣಿ ಅಂಗಡಿಯನ್ನೂ ಹೊಕ್ಕಿತು. ಕೊಳವೆಬಾವಿಯ ಗಡಸು ನೀರಿನಲ್ಲಿಯೂ ನೊರೆಯೇಳುವ ಈ ಪುಡಿಗಳು ಹೆಂಗಸರ ತೋಳಿನ ಭಾರವನ್ನು ನಿಜವಾಗಿ ಇಳಿಸಿದುವೆಂಬುದನ್ನು ಅಲ್ಲಗಳೆಯಲಾಗದು. ಆದರೆ ನೀರನ್ನು ಮೆದುಗೊಳಿಸಲೆಂದು ಇಂತಹ ಹಲವು ಪುಡಿಗಳಿಗೆ ಬೆರೆಸುತ್ತ ಬಂದ ಫಾಸ್ಫೇಟು ಕೆರೆಗಳಲ್ಲಿ ಪಾಚಿಗೆ ಗೊಬ್ಬರವಾಯಿತು. ಚರಂಡಿಯ ನೀರು ಸೇರಿದ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಯ ಮೇಲೆ ಹಾರಾಡಿದುದನ್ನು ನಾಡೆಲ್ಲ ಕಂಡಿತು.

ಈಗ ಅಂಟುವಾಳದ ದ್ರಾವಣವೂ, ಕಿಣ್ವಗಳನ್ನು ಬೆರೆಸಿದ ಫಾಸ್ಫೇಟುರಹಿತ ಪುಡಿಯೂ ಪರಿಸರಸ್ನೇಹಿಯೆಂಬ ಚೀಟಿಯನ್ನು ಹೊತ್ತು ಬರುತ್ತಿವೆ. ಅವು ಸ್ವಾಗತಾರ್ಹವಾದುವೇ. ಆದರೆ ಹಾನಗಲ್ಲ ಸೀಮೆಯ ಕೆರೆಗಳ ನೀರು ಇಂದಿಗೂ ಗದ್ದೆಗೆ ಹರಿಯುವುದರಿಂದ, ಈ ಹೊಸ ದ್ರವ್ಯಗಳ ಗುಣವನ್ನು ಚೀಟಿಯೊಂದರಿಂದಲೇ ನಿರ್ಣಯಿಸಲಾಗದು: ಎಷ್ಟು ಬಳಸಿದೆವು, ತೊಳೆದ ನೀರನ್ನು ಎಲ್ಲಿಗೆ ಬಿಟ್ಟೆವು, ಉಳಿದ ದುಡಿಮೆಯನ್ನು ಯಾರ ತೋಳಿಗೆ ಹೊರಿಸಿದೆವು ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಹೇಳಬೇಕು. ನಮ್ಮ ಪೂರ್ವಿಕರು ಮೊದಲಿನ ಎರಡಕ್ಕೆ ಚೆನ್ನಾಗಿ ಉತ್ತರಿಸಿದರು. ಮೂರನೆಯದನ್ನು ಮಡಿವಾಳರ ಕೇರಿಗೆ ಕಳುಹಿಸಿ ಸುಮ್ಮನಾದರು. ಮೂರಕ್ಕೂ ಒಟ್ಟಿಗೆ ಉತ್ತರ ಕಂಡುಕೊಳ್ಳುವ ಹೊಣೆ ನಮ್ಮ ಪಾಲಿಗೆ ಬಂದಿದೆ.