ಜುಮ್ಮೆನ್ನುವ ಬೆರಳಿನ ಇತಿಹಾಸ

ಕಳೆದ ಮಳೆಗಾಲದ ಒಂದು ಸಂಜೆ. ಲ್ಯಾಪ್‌ಟಾಪಿನಲ್ಲಿ ಮೊಮ್ಮಗಳ ಚಿತ್ರಗಳನ್ನು ನೋಡುತ್ತ ಕುಳಿತಿದ್ದ ನನ್ನ ಪತ್ನಿ ಥಟ್ಟನೆ ಕೈ ಹಿಂತೆಗೆದು, "ರೀ, ಇದು ಜುಮ್ಮೆನ್ನುತ್ತದೆ" ಎಂದಳು. ಲ್ಯಾಪ್‌ಟಾಪು ಚಾರ್ಜಾಗುತ್ತಿತ್ತು. ಅವಳು ಬರಿಗಾಲನ್ನು ಕೆಂಪು ಗಾರೆಯ ನೆಲದ ಮೇಲೆ ಊರಿದ್ದಳು. ನಾನು ಹೋಗಿ ಲೋಹದ ಮೈಯ ಮೇಲೆ ಅಂಗೈಯಿಟ್ಟು ನೋಡಿದೆ. ನನಗೇನೂ ತಿಳಿಯಲಿಲ್ಲ. "ಅದು ನಿನ್ನ ಭ್ರಮೆ" ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ನಿಲ್ಲುವುದಕ್ಕೆ ಕಾರಣವಿತ್ತು.

ನಾನು ಪ್ರೌಢಶಾಲೆಯಲ್ಲಿ ಓದುತ್ತಿದ್ದ ಕಾಲ. ನಮ್ಮ ಮನೆಗೆ ವಿದ್ಯುತ್ತು ಬಂದು ಕೆಲವೇ ವರ್ಷಗಳಾಗಿದ್ದವು. ತಂದೆಯವರು ಪೇಟೆಯಿಂದ ಒಂದು ಇಸ್ತ್ರಿಪೆಟ್ಟಿಗೆ ತಂದಿದ್ದರು. ಅದಕ್ಕೆ ಎರಡೇ ಕಡ್ಡಿಯ ಪ್ಲಗ್ಗು. ಅಮ್ಮ ಅದನ್ನು ಮುಟ್ಟಿದಾಗಲೆಲ್ಲ "ಕೈ ಜುಮ್ಮೆನ್ನುತ್ತದೆ" ಎನ್ನುತ್ತಿದ್ದಳು. ಚಪ್ಪಲಿ ಮೆಟ್ಟಿ ನಿಂತು ಪರೀಕ್ಷಿಸಿದ ತಂದೆಯವರಿಗೆ ಏನೂ ಆಗಲಿಲ್ಲ. ವಿಜ್ಞಾನದ ಎರಡು ಪುಟ ಓದಿದ್ದ ನಾನಂತೂ ಅವಳನ್ನು ಅಂಜುಬುರುಕಿ ಎಂದು ನಕ್ಕೆ. ಆಷಾಢದ ಒಂದು ದಿನ, ನೆಲ ಇನ್ನೂ ಹಸಿಯಾಗಿರುವಾಗ, ಆ ಪೆಟ್ಟಿಗೆ ಅವಳ ಕೈಯನ್ನು ಹಿಡಿದುಕೊಂಡೇ ಬಿಟ್ಟಿತು. ತಂದೆಯವರು ಓಡಿ ಬಂದು ಸ್ವಿಚ್ಚು ಆರಿಸಿದ್ದರಿಂದ ಜೀವ ಉಳಿಯಿತು. ಒಳಗಿನ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಾಗಿತ್ತೆಂದು ಬಿಚ್ಚಿ ನೋಡಿದಾಗ ತಿಳಿಯಿತು. ಬಲಗೈಯ ಎರಡು ಬೆರಳುಗಳ ಮೇಲಿನ ಸುಟ್ಟ ಗಾಯದ ಕಲೆ ಕಡೆಯವರೆಗೂ ಉಳಿದಿತ್ತು. "ನಾನು ಹೇಳಿರಲಿಲ್ಲವೇ" ಎಂದು ಅವಳು ಒಮ್ಮೆಯೂ ಅನ್ನಲಿಲ್ಲ. ಮತ್ತೆ ಇದ್ದಿಲಿನ ಇಸ್ತ್ರಿಪೆಟ್ಟಿಗೆಯನ್ನೇ ಅಟ್ಟದಿಂದ ಇಳಿಸಿಕೊಂಡಳು.

ನನ್ನ ತರಗತಿಯಲ್ಲಿ ಇಸವಿಗಳನ್ನು ಬಾಯಿಪಾಠ ಮಾಡಿ ಬೇಸತ್ತ ಹಳೆಯ ವಿದ್ಯಾರ್ಥಿಗಳು ಕ್ಷಮಿಸಬೇಕು, ಇಲ್ಲಿಯೂ ಕೆಲವು ಇಸವಿಗಳು ಬರುತ್ತವೆ. ವಿದ್ಯುತ್ತಿನ ಸಿದ್ಧಾಂತ ನನ್ನ ವಿಷಯವಲ್ಲ. ಆದರೆ ಈ ಜುಮ್ಮೆನ್ನುವಿಕೆಗೆ ಒಂದು ಇತಿಹಾಸವಿದೆ. ಮೀಟರುಗಳು ಹುಟ್ಟುವ ಮೊದಲು ವಿದ್ಯುತ್ತನ್ನು ಅಳೆಯಲು ಮನುಷ್ಯನ ದೇಹವೇ ಒಂದು ಮುಖ್ಯ ಉಪಕರಣವಾಗಿತ್ತು ಎಂಬುದೇ ಆ ಇತಿಹಾಸದ ಸಾರ.

1746ರಲ್ಲಿ ಹಾಲೆಂಡಿನ ಲೈಡನ್ ನಗರದ ಪ್ರಾಧ್ಯಾಪಕ ಮುಷೆನ್‌ಬ್ರೂಕ್, ನೀರು ತುಂಬಿದ ಗಾಜಿನ ಪಾತ್ರೆಯಲ್ಲಿ ವಿದ್ಯುತ್ತನ್ನು ಕೂಡಿಡುವ ಪ್ರಯೋಗದಲ್ಲಿ ಬಲವಾದ ಆಘಾತಕ್ಕೆ ಒಳಗಾದನು. ಫ್ರಾನ್ಸ್ ದೇಶವನ್ನೇ ಕೊಟ್ಟರೂ ಇನ್ನೊಮ್ಮೆ ಅದನ್ನು ಸಹಿಸಲಾರೆನೆಂದು ಅವನು ಮಿತ್ರನಿಗೆ ಬರೆದನಂತೆ. ಅದೇ ವರ್ಷ ಫ್ರಾನ್ಸಿನಲ್ಲಿ ನೊಲೆ ಎಂಬ ಪಾದ್ರಿ-ವಿಜ್ಞಾನಿ, ದೊರೆ ಹದಿನೈದನೆಯ ಲೂಯಿಯ ಸಮ್ಮುಖದಲ್ಲಿ 180 ಮಂದಿ ಕಾವಲುಭಟರನ್ನು ಕೈಕೈ ಹಿಡಿಸಿ ನಿಲ್ಲಿಸಿ, ಅಂತಹ ಪಾತ್ರೆಯ ವಿದ್ಯುತ್ತನ್ನು ಅವರ ಮೂಲಕ ಹರಿಸಿದನು. ಎಲ್ಲರೂ ಒಟ್ಟಿಗೆ ಹಾರಿಬಿದ್ದರು. ಆಸ್ಥಾನಕ್ಕೆ ಅದೊಂದು ವಿನೋದ.

ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ವಿನೋದಕ್ಕಾಗಿ ಇದನ್ನು ಮಾಡಲಿಲ್ಲ. ಉಪ್ಪುನೀರು ತುಂಬಿದ ಕೊಳವೆಗಳ ಮೂಲಕ ವಿದ್ಯುತ್ತನ್ನು ತನ್ನ ಮೈಗೇ ಹಾಯಿಸಿಕೊಂಡು, ಯಾವ ಹೊಡೆತ ಹೆಚ್ಚು, ಯಾವುದು ಕಡಿಮೆ ಎಂದು ಹೋಲಿಸಿ ಬರೆದಿಟ್ಟನು. ಮಿತಭಾಷಿಯಾದ ಅವನು ಆ ಬರಹಗಳಲ್ಲಿ ಹೆಚ್ಚಿನವನ್ನು ಪ್ರಕಟಿಸಲಿಲ್ಲ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1879ರಲ್ಲಿ ಅವುಗಳನ್ನು ಸಂಪಾದಿಸಿ ಹೊರತಂದಾಗ, ಬರಿಯ ಮೈಯಿಂದ ಎಣಿಸಿದ ಆ ಲೆಕ್ಕಗಳು ಎಷ್ಟು ಸೂಕ್ಷ್ಮವಾಗಿದ್ದವೆಂದು ಲೋಕಕ್ಕೆ ತಿಳಿಯಿತು. ಇಟಲಿಯ ವೋಲ್ಟಾ ಕೂಡ 1800ರಲ್ಲಿ ತನ್ನ ಬ್ಯಾಟರಿಯ ವಿಷಯವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದಾಗ, ಅದರ ಶಕ್ತಿಗೆ ಸಾಕ್ಷಿಯಾಗಿ ಕೊಟ್ಟದ್ದು ಒದ್ದೆ ಕೈಗಳಿಗಾದ ಅನುಭವವನ್ನೇ. ಇವರೆಲ್ಲ ಮಹನೀಯರು. ಇವರ ಬೆರಳು ಜುಮ್ಮೆಂದರೆ ಅದು ವಿಜ್ಞಾನ. ನನ್ನ ತಾಯಿಯ ಬೆರಳು ಜುಮ್ಮೆಂದರೆ ಅದು ಅಂಜಿಕೆ.

ಮುಂದೆ ಮೀಟರುಗಳು ಬಂದವು, ವಿದ್ಯುತ್ತು ಪ್ರಯೋಗಶಾಲೆಯಿಂದ ಊರಿಗೆ ನಡೆದು ಬಂದಿತು. ನಮ್ಮ ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಮನೆಮನೆಗಳಲ್ಲಿ ಲೋಹದ ಉಪಕರಣಗಳು ಹೆಚ್ಚಿದಂತೆ, ದಾರಿತಪ್ಪಿದ ವಿದ್ಯುತ್ತನ್ನು ಮೈಯ ಮೂಲಕವಲ್ಲದೆ ತಂತಿಯ ಮೂಲಕವೇ ಭೂಮಿಗೆ ಇಳಿಸುವ ಏರ್ಪಾಡು ಅಗತ್ಯವಾಯಿತು. ನಾವಿಂದು ಬಳಸುವ ದುಂಡುಕಡ್ಡಿಯ ಮೂರು ಪಿನ್ನಿನ ಪ್ಲಗ್ಗು, 1934ರ ಬ್ರಿಟಿಷ್ ಮಾನಕವೊಂದರ ವಂಶಕ್ಕೆ ಸೇರಿದ್ದು. ಅದರ ಮೇಲಿನ ದಪ್ಪ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದು ಸುಮ್ಮನೆ ಅಲ್ಲ. ಭೂಮಿಯ ಸಂಪರ್ಕ ಎಲ್ಲಕ್ಕಿಂತ ಮೊದಲು ಕೂಡಬೇಕು, ಎಲ್ಲಕ್ಕಿಂತ ಕೊನೆಗೆ ಬಿಡಬೇಕು.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಈ ಬೆರಳಿನ ಸಾಕ್ಷ್ಯಕ್ಕೆ ಮತ್ತೆ ಬೆಲೆ ಬಂದಿತು. ಹಿತ್ತಾಳೆಯ ಒಂದು ದೀಪದ ಹಿಡಿಕೆ, ದೀಪ ಉರಿಯುವಾಗ ಬೆರಳಿಗೆ ನುಣುಪಾಗಿ ತೋರುವುದಿಲ್ಲ, ಆರಿದಾಗ ತೋರುತ್ತದೆ ಎಂಬುದನ್ನು ಮ್ಯಾಲಿನ್‌ಕ್ರಾಟ್ ಎಂಬ ಅಮೆರಿಕದ ಸಂಶೋಧಕರು ಆಕಸ್ಮಿಕವಾಗಿ ಗಮನಿಸಿದರು. ಆ ಕುರಿತ ಲೇಖನ 1953ರಲ್ಲಿ ಪ್ರಕಟವಾಯಿತು. ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಡಾಲ್ಜಿಯಲ್, ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿ, ಎಷ್ಟು ವಿದ್ಯುತ್ತು ಅನುಭವಕ್ಕೆ ಬರುತ್ತದೆ, ಎಷ್ಟಾದರೆ ಹಿಡಿದ ಕೈ ಬಿಡಿಸಿಕೊಳ್ಳಲಾಗದು ಎಂಬುದರ ಲೆಕ್ಕ ಕೊಟ್ಟರು. ಅವರ ಪಟ್ಟಿಯಂತೆ ಗಂಡಸರಿಗೆ ಸರಾಸರಿ 1.1 ಮಿಲಿಆಂಪಿಯರಿನಲ್ಲಿ ಜುಮ್ಮೆನ್ನುತ್ತದೆ, ಹೆಂಗಸರಿಗೆ 0.7ರಲ್ಲಿಯೇ. ಕೈ ಬಿಡಿಸಿಕೊಳ್ಳಬಲ್ಲ ಮಿತಿ ಗಂಡಸರಿಗೆ ಸುಮಾರು 16, ಹೆಂಗಸರಿಗೆ 10.5. ಈ ಅಂಕಿಗಳನ್ನು ಮೊದಲು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ತಂದೆಯವರಿಗೆ ತಿಳಿಯದ್ದು ಅಮ್ಮನಿಗೆ ತಿಳಿದದ್ದು ಸಹಜವೇ ಆಗಿತ್ತು.

ಆದುದರಿಂದಲೇ ಕಳೆದ ವರ್ಷ ನಾನು ಮಾತನ್ನು ನುಂಗಿ, ಚಪ್ಪಲಿ ಬಿಟ್ಟು, ಲ್ಯಾಪ್‌ಟಾಪಿನ ಅಂಚಿನ ಮೇಲೆ ಬೆರಳ ಹಿಂಬದಿಯನ್ನು ಮೆಲ್ಲನೆ ಸವರಿದೆ. ಸಣ್ಣ ಮರಳಿನ ಮೇಲೆ ಕೈಯಾಡಿಸಿದಂತೆ ಜುಮುಜುಮು ಎಂದಿತು. ವಿದ್ಯುತ್ ಇಂಜಿನಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ದೂರವಾಣಿ ಮಾಡಿದೆ. ಅವನು ವಿವರಿಸಿದ್ದು ಹೀಗೆ: ಚಾರ್ಜರು 230 ವೋಲ್ಟಿನ ವಿದ್ಯುತ್ತನ್ನು ಸುಮಾರು 20 ವೋಲ್ಟಿಗೆ ಇಳಿಸುತ್ತದೆ. ಒಳಗಿನ ವಿದ್ಯುತ್ ಗದ್ದಲವನ್ನು ಅಡಗಿಸಲು ಎರಡೂ ಬದಿಗಳ ನಡುವೆ ಒಂದು ಚಿಕ್ಕ ಕೆಪಾಸಿಟರನ್ನು ಇಟ್ಟಿರುತ್ತಾರೆ. ಅದರ ಮೂಲಕ ಮಿಲಿಆಂಪಿಯರಿನ ಒಂದು ಸಣ್ಣ ಭಾಗದಷ್ಟು ವಿದ್ಯುತ್ತು ಲೋಹದ ಮೈಗೆ ಸೋರುತ್ತದೆ. ಅಂಗೈ ಪೂರ್ತಿ ಇಟ್ಟರೆ ಅದು ಹಂಚಿಹೋಗಿ ತಿಳಿಯುವುದಿಲ್ಲ, ಬೆರಳ ತುದಿ ತಾಗಿದರೆ ತಿಳಿಯುತ್ತದೆ. ಎರಡು ಪಿನ್ನಿನ ಒಳ್ಳೆಯ ಚಾರ್ಜರಿನಲ್ಲಿ ಇದು ದೋಷವಲ್ಲ, ಅಪಾಯವೂ ಅಲ್ಲ. "ಆದರೆ ಸಾರ್, ನಿಮ್ಮ ಚಾರ್ಜರಿಗೆ ಎಷ್ಟು ಪಿನ್ನು?" ಎಂದು ಕೇಳಿದನು.

ಮೂರು.

ಆ ಕಡೆ ಅವನು ಕ್ಷಣಕಾಲ ಸುಮ್ಮನಾದನು. ಮೂರನೆಯ ಪಿನ್ನು ಭೂಮಿಗೆ ಸೇರಿದ್ದರೆ ಆ ಸೋರಿಕೆ ಅಲ್ಲಿಯೇ ಇಳಿದುಹೋಗಬೇಕಿತ್ತು. "ನಾಳೆಯೇ ಅರ್ತಿಂಗ್ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಗೀಸರ್ ಹಾಕಬೇಡಿ" ಎಂದನು. ಮರುದಿನ ಬಂದ ಎಲೆಕ್ಟ್ರಿಷಿಯನ್ನು ಮುಖ್ಯ ಫಲಕವನ್ನು ಬಿಚ್ಚಿದಾಗ, ಭೂಮಿಗೆ ಹೋಗುವ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಮನೆಯ ಯಾವ ಮೂರನೆಯ ರಂಧ್ರಕ್ಕೂ ಭೂಮಿಯ ಸಂಬಂಧವಿರಲಿಲ್ಲ. ಗೀಸರಿಗೂ ಇಲ್ಲ, ಬಟ್ಟೆ ಒಗೆಯುವ ಯಂತ್ರಕ್ಕೂ ಇಲ್ಲ. ಎಷ್ಟು ವರ್ಷಗಳಿಂದ ಹಾಗಿತ್ತೋ, ನಾವು ಒದ್ದೆ ಮೈಯಲ್ಲಿ ಆ ನಲ್ಲಿಗಳನ್ನು ತಿರುಗಿಸುತ್ತಲೇ ಇದ್ದೆವು.

ಈಗ ಹೊಸ ತಂತಿ ಎಳೆಸಿದ್ದೇವೆ. ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚನ್ನೂ ಹಾಕಿಸಿದ್ದೇವೆ. ಲ್ಯಾಪ್‌ಟಾಪು ಜುಮ್ಮೆನ್ನುವುದು ನಿಂತಿದೆ. ನಿಮ್ಮಲ್ಲಿ ಹಳೆಯ ಮನೆಗಳಲ್ಲಿರುವವರು, ವಿಶೇಷವಾಗಿ ಊರಿನಲ್ಲಿ ವಯಸ್ಸಾದ ತಂದೆತಾಯಿಗಳನ್ನು ಬಿಟ್ಟು ದೂರದಲ್ಲಿರುವವರು, ಒಮ್ಮೆ ಬಲ್ಲವರಿಂದ ಅರ್ತಿಂಗ್ ಪರೀಕ್ಷಿಸಿಕೊಳ್ಳಿ. ಮನೆಯಲ್ಲಿ ಯಾರಾದರೂ ಕೈ ಜುಮ್ಮೆಂದಿತು ಎಂದರೆ ನಗಬೇಡಿ, ನೀವೂ ಮುಟ್ಟಿ ನೋಡಲು ಹೋಗಬೇಡಿ. ಮೊದಲು ಸ್ವಿಚ್ಚು ಆರಿಸಿ. ಅಮ್ಮನ ಆ ಎರಡು ಬೆರಳುಗಳ ಕಲೆಯನ್ನು ನೋಡುತ್ತಲೇ ಬೆಳೆದ ನಾನು, ಇಷ್ಟು ವಯಸ್ಸಾದ ಮೇಲೂ ಪತ್ನಿಗೆ "ಭ್ರಮೆ" ಎನ್ನಲು ಹೊರಟಿದ್ದೆನಲ್ಲ ಎಂಬ ನಾಚಿಕೆಯಿಂದಲೇ ಇಷ್ಟನ್ನು ಬರೆದಿದ್ದೇನೆ.