ಗರ್ಭನಿರೋಧಕ ವಿಮೆ ಮತ್ತು ಧಾರ್ಮಿಕ ಸ್ವಾತಂತ್ರ್ಯ: ಅಮೆರಿಕದ ವ್ಯಾಜ್ಯ

ಅಮೆರಿಕದಲ್ಲಿ ಕೋಟ್ಯಂತರ ಜನರಿಗೆ ಆರೋಗ್ಯ ವಿಮೆ ದೊರೆಯುವುದು ಉದ್ಯೋಗದಾತರ ಮೂಲಕ. 2010ರ ಆರೋಗ್ಯ ಸುಧಾರಣಾ ಕಾಯ್ದೆಯಡಿ ರೂಪುಗೊಂಡ ನಿಯಮವು, ಈ ವಿಮೆಯು ಮಹಿಳೆಯರ ಗರ್ಭನಿರೋಧಕ ವೆಚ್ಚವನ್ನೂ ಪೂರ್ಣವಾಗಿ ಭರಿಸಬೇಕೆಂದು ವಿಧಿಸಿತು.

ಕೃತಕ ಗರ್ಭನಿರೋಧವನ್ನು ಕ್ಯಾಥೊಲಿಕ್ ಧರ್ಮಸಭೆ ಒಪ್ಪುವುದಿಲ್ಲ. 1968ರಲ್ಲಿ ಪೋಪ್ ಆರನೇ ಪಾಲ್ ಈ ನಿಲುವನ್ನು ಪುನರುಚ್ಚರಿಸಿದ್ದರು. ಚರ್ಚುಗಳಿಗೆ ವಿನಾಯಿತಿ ದೊರೆತರೂ ಧಾರ್ಮಿಕ ಆಸ್ಪತ್ರೆ, ವಿಶ್ವವಿದ್ಯಾಲಯಗಳಿಗೆ ದೊರೆಯಲಿಲ್ಲ. ಅಂಥ ಸಂಸ್ಥೆಗಳು ಲಿಖಿತ ಆಕ್ಷೇಪ ಸಲ್ಲಿಸಿದರೆ ವಿಮಾ ಕಂಪನಿಯೇ ವೆಚ್ಚ ಭರಿಸುವ ವ್ಯವಸ್ಥೆಯನ್ನು ಸರ್ಕಾರ ರೂಪಿಸಿತು. ಆ ಪತ್ರಕ್ಕೆ ಸಹಿ ಹಾಕುವುದೂ ಪಾಪದಲ್ಲಿ ಪಾಲ್ಗೊಂಡಂತೆ ಎಂಬುದು, ಬೆಂಗಳೂರಿನಲ್ಲೂ ವೃದ್ಧಾಶ್ರಮವಿರುವ ‘ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್’ ಸನ್ಯಾಸಿನಿಯರ ವಾದ. ಧಾರ್ಮಿಕ ಸ್ವಾತಂತ್ರ್ಯ ಕುರಿತ 1993ರ ಕಾಯ್ದೆಯೇ ಅವರಿಗೆ ಆಧಾರ.

2016ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡದೆ ಪ್ರಕರಣಗಳನ್ನು ಕೆಳ ನ್ಯಾಯಾಲಯಗಳಿಗೆ ಮರಳಿಸಿತು. 2017ರಲ್ಲಿ ಟ್ರಂಪ್ ಆಡಳಿತ ವಿನಾಯಿತಿಯನ್ನು ವಿಸ್ತರಿಸಿತು. ಹಾಗೆ ವಿಸ್ತರಿಸುವ ಅಧಿಕಾರ ಸರ್ಕಾರಕ್ಕಿದೆಯೆಂದು 2020ರಲ್ಲಿ ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಹೇಳಿತು. ಆದರೆ ವಿಸ್ತರಣೆಗೆ ನೀಡಿದ ಕಾರಣಗಳು ಸಮರ್ಪಕವಲ್ಲವೆಂದು 2025ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದ ಫೆಡರಲ್ ಜಿಲ್ಲಾ ನ್ಯಾಯಾಲಯ ಆ ನಿಯಮಗಳನ್ನು ರದ್ದುಗೊಳಿಸಿತು.

ಸಂಸ್ಥೆಯ ಆತ್ಮಸಾಕ್ಷಿಯನ್ನು ಮನ್ನಿಸಿದಾಗ, ಅದೇ ಶ್ರದ್ಧೆಯವಳಲ್ಲದ ನೌಕರಳ ಚಿಕಿತ್ಸೆಯ ವೆಚ್ಚ ಯಾರದು ಎಂಬುದೇ ವ್ಯಾಜ್ಯದ ತಿರುಳು.